ಹಂಚಿನ ಮನೆಯ ನವೀಕರಣ: ಕೆಲವು ಮಳೆಗಾಲಗಳ ಬಳಿಕ

ಮಂಗಳೂರಿನ ಜೆಪ್ಪುವಿನಲ್ಲಿರುವ ನಮ್ಮ ಹಳೆಯ ಹಂಚಿನ ಮನೆಯ ನವೀಕರಣವನ್ನು ಇಲ್ಲಿನದೇ ಒಂದು ವಿನ್ಯಾಸ ಸಂಸ್ಥೆಗೆ ವಹಿಸಿದ್ದೆವು. ಕೆಲಸ ಮುಗಿದ ವಾರವೇ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಈಗ ಮೂರು, ಕಡಿತವಾದ ಎರಡೂ ಪಡುವಣ ಕೋಣೆಯ ಗೋಡೆಯ ಲೆಕ್ಕಕ್ಕೆ.

ನಮ್ಮ ಗೋಡೆಗಳು ಕರಾವಳಿಯ ಕೆಂಪು ಮುರಕಲ್ಲಿನವು (ಲ್ಯಾಟರೈಟ್), ಅದು ನೀರು ಹೀರುವ ಕಲ್ಲು. ಹೀರಿದ ತೇವ ಬಿಸಿಲು ಬಂದಾಗ ಹೊರಹೋಗಲು ಹಳೆಯ ಸುಣ್ಣದ ಗಾರೆ ಅಡ್ಡಿಮಾಡುತ್ತಿರಲಿಲ್ಲ. ಸಂಸ್ಥೆಯವರು ಅದನ್ನು ಕೆತ್ತಿ ತೆಗೆದು, ಸಿಮೆಂಟಿನ ಸಾರಣೆ ಮಾಡಿ, ಪುಟ್ಟಿ ಎಳೆದು, ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರು. ಮೊದಲ ಜುಲೈಯಲ್ಲೇ ಗುಳ್ಳೆಗಳೆದ್ದವು. ಬೆರಳಿನಿಂದ ಒತ್ತಿದರೆ ಒಡೆದು, ಉಪ್ಪಿನಂಥ ಬಿಳಿ ಪುಡಿ ಮಂಚದ ಮೇಲೆ ಉದುರುತ್ತದೆ. ದೂರು ಕೊಟ್ಟಾಗಲೆಲ್ಲ ಬಂದು, ಕೆರೆದು, ಹಿಂದಿನದಕ್ಕಿಂತ ದುಬಾರಿಯಾದ ವಾಟರ್‌ಪ್ರೂಫ್ ಬಣ್ಣ ಬಳಿದು ಹೋಗುತ್ತಾರೆ. ಮುಂದಿನ ಮಳೆಗೆ ಗುಳ್ಳೆ ಇನ್ನಷ್ಟು ಮೇಲೇರುತ್ತದೆ. ಹಣ ಸಾಲದೆ ಹಳೆಯ ಗಾರೆಯನ್ನೇ ಉಳಿಸಿ ಸುಣ್ಣ ಹೊಡೆಸಿದ ಚಾವಡಿಯ ಗೋಡೆ ಮಾತ್ರ ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಂಕಾಗಿ, ನವರಾತ್ರಿಯ ಹೊತ್ತಿಗೆ ತಾನೇ ಬೆಳ್ಳಗಾಗುತ್ತದೆ.

ಮಾಡಿನ (ಹಂಚಿನ ಚಾವಣಿಯ) ಕಡೆ ನೋಡಿದರೆ ಸಿಟ್ಟು ಇಳಿಯುತ್ತದೆ. ಹಂಚನ್ನು ಹೊರುವ ಮರದ ಪಕ್ಕಾಸು, ರೀಪುಗಳಲ್ಲಿ ಗೆದ್ದಲು ತಿಂದವನ್ನಷ್ಟೇ ಬದಲಿಸಿ, ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಹಚ್ಚಿ, ಹಳೆಯ ಹಂಚುಗಳನ್ನು ಒಂದೊಂದಾಗಿ ತಟ್ಟಿ, ಸದ್ದು ಕೇಳಿ ಆರಿಸಿ ಮತ್ತೆ ಹೊದಿಸಿದರು. ಇಂದಿಗೂ ಒಂದು ಹನಿ ಸೋರಿಲ್ಲ. (ಹಂಚಿನ ಮೇಲೆ, ಅದನ್ನು ತಯಾರಿಸಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಮುದ್ರೆಯಲ್ಲಿ 1865 ಎಂದಿರುವುದನ್ನು ತೋರಿಸಿ, ಮಾಡು ಆ ವರ್ಷದ್ದೆಂದು ವಿನ್ಯಾಸಕಾರರು ಉತ್ಸಾಹದಿಂದ ಹೇಳಿದ್ದರು, ಆದರೆ ಅದು ಮಿಷನ್‌ನ ಇಲ್ಲಿನ ಹಂಚಿನ ಕಾರ್ಖಾನೆ ಆರಂಭವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ.) ನಾವು ಕೇಳದೆಯೇ ಅಡುಗೆಮನೆಯ ಮೇಲೆ ಎರಡು ಗಾಜಿನ ಹಂಚು ಕೂರಿಸಿದ್ದರು. ಬೆಳಗ್ಗೆ ನೀರುದೋಸೆ ಹೊಯ್ಯುವ ಹೊತ್ತಿಗೆ ಅವುಗಳ ಬೆಳಕು ಸರಿಯಾಗಿ ಕಾವಲಿಯ ಮೇಲೆ ಬೀಳುತ್ತದೆ; ಅಂಚು ಬಿಟ್ಟಿತೇ ಎಂದು ನೋಡಲು ದೀಪ ಬೇಕಿಲ್ಲ. ಹಗಲಲ್ಲೂ ಬಲ್ಬು ಉರಿಸುತ್ತಿದ್ದ ಆ ಕತ್ತಲೆ ಕೋಣೆಯಲ್ಲಿ ಅಮ್ಮ ಈಗ ಪತ್ರಿಕೆಯನ್ನೂ ಅಲ್ಲೇ ಓದುತ್ತಾರೆ.

ಮಾಡಿಗೂ ಮರದ ಕೆಲಸಕ್ಕೂ ಇವರನ್ನು ಧೈರ್ಯವಾಗಿ ಕರೆಯಬಹುದು. ಗೋಡೆಗೆ ಸುಣ್ಣದ ಗಾರೆಯೇ ಆಗಬೇಕೆಂದು ಕೊಟೇಷನ್‌ನಲ್ಲೇ ಬರೆಸಿಕೊಳ್ಳಿ. ಅದು ನಿಧಾನವಾಗಿ ಗಟ್ಟಿಯಾಗುವುದರಿಂದ, ಮುಂದಿನ ಮಳೆಗೆ ಮೊದಲು ಸಾಕಷ್ಟು ಸಮಯ ಸಿಗುವಂತೆ, ದೀಪಾವಳಿ ಕಳೆದೊಡನೆ ಕೆಲಸ ಹಿಡಿಸಿ. ಪಡುವಣ ಗೋಡೆಯ ಸಿಮೆಂಟನ್ನು ಈ ಡಿಸೆಂಬರಿನಲ್ಲಿ ಕೆತ್ತಿಸುತ್ತಿದ್ದೇವೆ, ಬೇರೆ ಮೇಸ್ತ್ರಿಯಿಂದ.