ಇನ್‌ಫ್ರಾರೆಡ್ ಹೀಟರ್ ಓಡಿಸೋ ಖರ್ಚು: ಚಿಕ್ಕಬಳ್ಳಾಪುರದ ಚಳಿಗೆ, ಬೆಸ್ಕಾಂ ಬಿಲ್ಲಿಗೆ

ಕೆಲವು ಚಳಿಗಾಲ ಓಡಿಸಿ ನೋಡಿದ್ದು ಎರಡು ಬಗೆ: ಗೋಡೆಗೆ ಹಾಕುವ 600 ವ್ಯಾಟ್‌ನ ಇನ್‌ಫ್ರಾರೆಡ್ ಪ್ಯಾನೆಲ್, ಮತ್ತು ತಲಾ 400 ವ್ಯಾಟ್‌ನ ಎರಡು ರಾಡ್ ಇರುವ ಮಾಮೂಲಿ ಹ್ಯಾಲೊಜೆನ್ ಹೀಟರ್. ಮನೆ ಚಿಕ್ಕಬಳ್ಳಾಪುರದಲ್ಲಿ. ಆರ್‌ಸಿಸಿ ತಾರಸಿ, 10×12 ಅಡಿ ರೂಮು, ಎರಡು ಗೋಡೆ ಹೊರಗಿನ ಗಾಳಿಗೆ. ಧನುರ್ಮಾಸದ ಬೆಳಗಿನ ಜಾವ ಹೊರಗೆ 13 ಡಿಗ್ರಿಗೆ ಇಳಿದರೆ ಈ ರೂಮಿನೊಳಗೆ 18ರ ಆಸುಪಾಸು. ತಗಡಿನ ಶೀಟಿನ ಮನೆಯಲ್ಲಿ ಇನ್ನೂ ಕಡಿಮೆ.

ಮೊದಲಿಗೆ ಅಂಗಡಿಯವರ ಮಾತು. "ಇನ್‌ಫ್ರಾರೆಡ್ ಸಾರ್, ಕರೆಂಟ್ ಅರ್ಧಕ್ಕರ್ಧ ಉಳಿಯುತ್ತೆ" ಅನ್ನೋದನ್ನ ಹಾಗೇ ನಂಬಬೇಡಿ. ಕಾಯಿಲ್ ಇರಲಿ, ರಾಡ್ ಇರಲಿ, ಪ್ಯಾನೆಲ್ ಇರಲಿ, ಒಂದು ಯೂನಿಟ್ ಕರೆಂಟಿಗೆ ಸಿಗೋದು 860 ಕಿಲೋಕ್ಯಾಲೊರಿ ಶಾಖ ಅಷ್ಟೇ. ವ್ಯತ್ಯಾಸ ಇರೋದು ಆ ಶಾಖ ಎಲ್ಲಿಗೆ ಹೋಗುತ್ತೆ ಅನ್ನೋದರಲ್ಲಿ. ಫ್ಯಾನ್ ಹೀಟರ್ ಗಾಳಿ ಕಾಯಿಸುತ್ತೆ, ಆ ಗಾಳಿ ಮೇಲೇರಿ ತಾರಸಿಗೆ ತಾಗಿ ತಣ್ಣಗಾಗುತ್ತೆ. ಇನ್‌ಫ್ರಾರೆಡ್ ಎದುರಿಗೆ ಕೂತವರ ಮೈಗೆ ನೇರವಾಗಿ ತಾಗುತ್ತೆ. ರೂಮು 19 ಡಿಗ್ರಿಯಲ್ಲೇ ಇದ್ದರೂ ಹಿತವಾಗಿರುತ್ತೆ. ಉಳಿತಾಯ ಅನ್ನೋದೇನಿದ್ದರೂ ಇಷ್ಟೇ. ಎದುರಿನಿಂದ ಎದ್ದು ಹೋದರೆ ಅದೂ ಇಲ್ಲ.

ಇಡೀ ರೂಮು ಬೆಚ್ಚಗಾಗಬೇಕು ಅಂತ ತಗೊಳ್ಳೋರಿಗೆ ಈ ಲೆಕ್ಕ: ತಾರಸಿ 11 ಚದರ ಮೀಟರ್, ಹೊರಗೋಡೆ 20 ಚದರ ಮೀಟರ್, ಜೊತೆಗೆ ಕಿಟಕಿ ಬಾಗಿಲಿನ ಸಂದು. ಇವಿಷ್ಟರಿಂದ ಸೋರಿ ಹೋಗೋದು ಪ್ರತಿ ಡಿಗ್ರಿಗೆ ಸುಮಾರು 85 ವ್ಯಾಟ್. ಕಾಗದದ ಮೇಲೆ 600 ವ್ಯಾಟ್‌ಗೆ 7 ಡಿಗ್ರಿ ಏರಬೇಕು. ಆದರೆ 9 ಇಂಚಿನ ಇಟ್ಟಿಗೆ ಗೋಡೆ ತಾನು ಕಾಯೋದಕ್ಕೇ ಗಂಟೆಗಟ್ಟಲೆ ಶಾಖ ಹೀರಿಕೊಳ್ಳುತ್ತೆ. ಎರಡು ಗಂಟೆಯಲ್ಲಿ ಥರ್ಮಾಮೀಟರ್ ಏರೋದು ಎರಡು ಡಿಗ್ರಿ, ಹೆಚ್ಚೆಂದರೆ ಮೂರು. ಹಳೇ ಕಲ್ಲು ಚಪ್ಪಡಿ ಮನೆಗಳಲ್ಲಿ ಇದರ ಆಸೆಯನ್ನೇ ಬಿಡಿ.

ಇನ್ನು ದುಡ್ಡು. 2025ರ ಏಪ್ರಿಲ್‌ನಿಂದ ಬಂದ ದರದಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5.80 ರೂಪಾಯಿ, ಅದಕ್ಕೆ ಶೇ. 9 ತೆರಿಗೆ, ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆ. ಕೂಡಿದರೆ 6.68. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಗೊಂದು ಥರ ಇರೋದರಿಂದ 7 ರೂಪಾಯಿ ಅಂತ ಹಿಡಿದರೆ ಸುಲಭ. ಪ್ಯಾನೆಲ್ ಬೆಳಗ್ಗೆ ಎರಡು ಗಂಟೆ, ರಾತ್ರಿ ಎರಡು ಗಂಟೆ ಓಡಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72, ಅಂದರೆ 504 ರೂಪಾಯಿ. ಹ್ಯಾಲೊಜೆನ್‌ನ ಒಂದೇ ರಾಡ್ ದಿನಕ್ಕೆ ಎರಡು ಗಂಟೆ ಉರಿದರೆ 24 ಯೂನಿಟ್, 168 ರೂಪಾಯಿ. ಎರಡೂ ರಾಡ್ ಹಾಕಿದರೆ ಇದರ ಎರಡರಷ್ಟು.

ಇಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಪೆಟ್ಟು ಬೀಳೋದು ಗೃಹಜ್ಯೋತಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆಯಲ್ಲಿ. 2022–23ರ ಸರಾಸರಿ 110 ಯೂನಿಟ್ ಇದ್ದ ಮನೆಗೆ ಶೇ. 10 ಸೇರಿಸಿ 121 ಯೂನಿಟ್ ಉಚಿತ. ಮಾಮೂಲಿ ಬಳಕೆ 115 ಇದ್ದರೆ ಬಿಲ್ಲು ಸೊನ್ನೆ. ಪ್ಯಾನೆಲ್‌ನ 72 ಸೇರಿ 187 ಆಯಿತು ಅನ್ನಿ: ಮೇಲಿನ 66 ಯೂನಿಟ್‌ಗೆ ಮಾತ್ರ ದುಡ್ಡು, ಸುಮಾರು 460. ಅದೇ ತಿಂಗಳು 2 ಕಿಲೋವ್ಯಾಟ್ ಗೀಸರ್ ಚಳಿ ಅಂತ ದಿನಕ್ಕೆ 20 ನಿಮಿಷ ಹೆಚ್ಚಿಗೆ ಓಡಿದರೆ ಇನ್ನೂ 20 ಯೂನಿಟ್, ಒಟ್ಟು 207. 200 ದಾಟಿದರೆ ಉಚಿತ ಪೂರ್ತಿ ಹೋಯಿತು. 207 ಯೂನಿಟ್‌ಗೂ ಕಟ್ಟಬೇಕು, ಮಂಜೂರಾದ ಲೋಡ್ ಕಿಲೋವ್ಯಾಟ್‌ಗೆ (ಅದೇ 2025ರ ದರದಲ್ಲಿ) 145 ರೂಪಾಯಿಯಂತೆ ನಿಗದಿತ ಶುಲ್ಕ ಬೇರೆ. ಎರಡು ಕಿಲೋವ್ಯಾಟ್ ಮನೆಗೆ ಬಿಲ್ಲು 1,700 ದಾಟುತ್ತೆ. ಹಾಗಾಗಿ ಡಿಸೆಂಬರ್-ಜನವರಿಯಲ್ಲಿ ಬಿಲ್ ಕೊಟ್ಟ ದಿನದ ರೀಡಿಂಗ್ ಬರೆದಿಟ್ಟು, ದಿನಕ್ಕೆ ಆರೂವರೆ ಯೂನಿಟ್ ದಾಟುತ್ತಿದೆಯಾ ಅಂತ ಹದಿನೈದನೇ ದಿನ ಒಮ್ಮೆ ನೋಡಿ. ದಾಟುತ್ತಿದ್ದರೆ ಮೊದಲು ಗೀಸರ್ ಕಡೆ ಗಮನ ಕೊಡಿ, ಆಮೇಲೆ ಹೀಟರ್. ಸ್ನಾನಕ್ಕೆ ಹಂಡೆ ಒಲೆ ಉಳಿಸಿಕೊಂಡವರು ಈ ವಿಷಯದಲ್ಲಿ ಪುಣ್ಯವಂತರು.

ಡಬ್ಬದ ಮೇಲೆ ಬರೆದ ವ್ಯಾಟ್ ನಿಜವಾ ಅಂತ ಮೀಟರ್‌ನಲ್ಲೇ ಗೊತ್ತಾಗುತ್ತೆ. ಮೀಟರ್ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಪಲ್ಸ್ ಅಂತ ಬರೆದಿರುತ್ತೆ, ಉದಾಹರಣೆಗೆ 3200. ಫ್ರಿಜ್ ಸಮೇತ ಎಲ್ಲ ಆರಿಸಿ, ಹೀಟರ್ ಒಂದನ್ನೇ ಹಾಕಿ, ಕೆಂಪು ದೀಪ ಒಂದು ನಿಮಿಷಕ್ಕೆ ಎಷ್ಟು ಸಲ ಮಿನುಗುತ್ತೆ ಎಣಿಸಿ. 32 ಬಂದರೆ ಸರಿಯಾಗಿ 600 ವ್ಯಾಟ್. 22 ಬಂದರೆ ಹೀಟರ್ ಕೆಟ್ಟಿದೆ ಅಂದುಕೊಳ್ಳೋ ಮೊದಲು ವೋಲ್ಟೇಜ್ ನೋಡಿ. 230 ಇರಬೇಕಾದ್ದು 190ಕ್ಕೆ ಇಳಿದರೆ ಅದೇ ಪ್ಯಾನೆಲ್ 410 ವ್ಯಾಟ್ ಮಾತ್ರ ಎಳೆಯುತ್ತೆ. ಬಿಲ್ಲೂ ಕಡಿಮೆ, ಬಿಸಿಯೂ ಕಡಿಮೆ.

ಪ್ಯಾನೆಲ್ ಹೊರಗೋಡೆಗೆ ಹಾಕಬೇಡಿ, ಬೆನ್ನಿನ ಶಾಖವೆಲ್ಲ ಗೋಡೆಯೊಳಗೆ ಹೋಗುತ್ತೆ. ಒಳಗೋಡೆಗೆ, ಕೂರುವ ಜಾಗದಿಂದ ನಾಲ್ಕೈದು ಅಡಿ ದೂರ, ನಡುವೆ ಕುರ್ಚಿ ಬೆನ್ನಾಗಲಿ ಪರದೆಯಾಗಲಿ ಇರಬಾರದು. ರೂಮಿನ ಬಿಸಿ ನೋಡಿ ಪ್ಯಾನೆಲ್ ಆನ್-ಆಫ್ ಮಾಡೋ ಥರ್ಮೋಸ್ಟ್ಯಾಟ್‌ಗೆ ಪ್ಯಾನೆಲ್‌ನ ನೇರ ಬಿಸಿ ತಾಗಿದರೆ ರೂಮು ಕಾದಿದೆ ಅಂತ ತಿಳಿದು ಬೇಗ ಆಫ್ ಮಾಡಿಬಿಡುತ್ತೆ. ಪಕ್ಕದ ಗೋಡೆಯಲ್ಲಿ ನಾಲ್ಕು ಅಡಿ ಎತ್ತರಕ್ಕೆ, ಬಾಗಿಲಿನ ಗಾಳಿಯಿಂದ ದೂರ ಇಟ್ಟರೆ ಸರಿ. ರೆಡ್ ಆಕ್ಸೈಡ್ ನೆಲವಿದ್ದರೆ ಕಾಲ ಕೆಳಗೆ ಜಮಖಾನ ಹಾಸಿ. ಅದರಿಂದ ಆಗೋ ಉಪಕಾರ 200 ವ್ಯಾಟ್ ಹೆಚ್ಚಿಸಿದರೂ ಆಗಲ್ಲ.

ಕೆಡೋ ವಿಚಾರದಲ್ಲಿ ಪ್ಯಾನೆಲ್ ತಂಟೆ ಕೊಟ್ಟಿಲ್ಲ. ಹ್ಯಾಲೊಜೆನ್ ಕೊಟ್ಟಿದೆ. ಅಡಿಯಲ್ಲಿರುವ, ಮಗುಚಿದರೆ ಆಫ್ ಆಗೋ ಸ್ವಿಚ್ ಧೂಳು ಹಿಡಿದು ಸಿಕ್ಕಿಕೊಳ್ಳುತ್ತೆ. ರಾಡ್ ಹೋಗಿದೆ ಅಂತ ಹೊಸದು ತರೋ ಮೊದಲು ಪ್ಲಗ್ ಕಿತ್ತು ಆ ಗುಂಡಿಯನ್ನ ನಾಲ್ಕು ಸಲ ಒತ್ತಿ ನೋಡಿ. ರಾಡ್ ಬದಲಿಸುವಾಗ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಜಾಗದಲ್ಲಿ ಗಾಜು ಬಿರಿಯುತ್ತೆ. ಎರಡನ್ನೂ ಯುಪಿಎಸ್ ಲೈನಿಗೆ ಕೊಡಬೇಡಿ: 150 ಎಎಚ್ ಬ್ಯಾಟರಿಯಲ್ಲಿ ಇರೋದೇ 1.8 ಯೂನಿಟ್, ಪ್ಯಾನೆಲ್ ಅದನ್ನ ಮೂರು ಗಂಟೆಯೊಳಗೆ ಬರಿದು ಮಾಡುತ್ತೆ.

ಯಾವುದು ತಗೋಬೇಕು? ಒಬ್ಬರು ಕೂತು ಓದೋಕೆ, ಬೆಳಗ್ಗೆ ವಯಸ್ಸಾದವರ ಕಾಲು ಬೆಚ್ಚಗಿಡೋಕೆ ಹ್ಯಾಲೊಜೆನ್‌ನ ಒಂದು ರಾಡ್ ಸಾಕು. ಆದರೆ ಹಾಸಿಗೆ, ಕಂಬಳಿಯಿಂದ ಮೂರಡಿ ದೂರ ಇರಲಿ, ಉರಿಸಿಟ್ಟು ಮಲಗೋದು ಬೇಡವೇ ಬೇಡ. ಪ್ಯಾನೆಲ್‌ಗೆ ಹಲವು ಪಟ್ಟು ಬೆಲೆ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡೋ ಈ ಊರಲ್ಲಿ ವರ್ಷಕ್ಕೆ ಎರಡು-ಮೂರು ತಿಂಗಳ ಕೆಲಸಕ್ಕೆ ಅದು ದುಬಾರಿ. ಕೆಂಪು ಬೆಳಕು ಕಣ್ಣಿಗೆ ಆಗದವರಿಗೆ, ಪುಟ್ಟ ಮಕ್ಕಳು ಓಡಾಡೋ ಮನೆಗೆ ಮಾತ್ರ ಹೇಳಬಹುದು. ಮನೆಯಲ್ಲಿ ಆಗಲೇ ಬಿಸಿ-ತಂಪು ಎರಡೂ ಕೊಡೋ ಇನ್‌ವರ್ಟರ್ ಎಸಿ ಇದ್ದರೆ ಎರಡೂ ಬೇಡ. ಅದು ಹೊರಗಿನ ಗಾಳಿಯಿಂದ ಶಾಖ ಎಳೆದು ತರೋದರಿಂದ, ನಮ್ಮ ಊರಿನ ಚಳಿಗೆ ಒಂದು ಯೂನಿಟ್ ಕರೆಂಟಿನಲ್ಲಿ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತೆ.