ಹುಡ್ ಬಿಚ್ಚಿದ ಜೀಪು, ಪವರ್ ಇರುವ ಕಣ್ಣು: ನಾಲ್ಕು ದಾರಿಗಳ ಹೋಲಿಕೆ

ಹುಡ್ ತೆಗೆದ ಜೀಪಿನಲ್ಲಿ ಗಾಳಿ ಎದುರಿನಿಂದ ಮಾತ್ರ ಬರುತ್ತದೆ ಅಂದುಕೊಂಡು ಗಾಗಲ್ಸ್ ಕೊಂಡರೆ ದುಡ್ಡು ದಂಡ. ಮುಂದಿನ ಗಾಜಿನ ಮೇಲಂಚು ದಾಟಿದ ಗಾಳಿ ಸೀಟಿನ ಹಿಂದೆ ಇಳಿದು, ಸುಳಿ ತಿರುಗಿ, ಕಿವಿಯ ಪಕ್ಕದಿಂದ ಮತ್ತೆ ಮುಖಕ್ಕೇ ಬರುತ್ತದೆ. ಹಿಂದೆ ಬಿದ್ದಿರುವ ಮಣ್ಣು, ಒಣ ಎಲೆಪುಡಿ ಎಲ್ಲ ಅದರ ಜೊತೆಗೆ ಎದ್ದು ಬರುತ್ತವೆ. ಮಾಮೂಲಿ ಕನ್ನಡಕ ಇಲ್ಲಿ ಸೋಲುವುದು ಇದಕ್ಕೇ: ಎದುರಿನ ಗಾಳಿಯನ್ನು ಅದು ತಡೆಯುತ್ತದೆ, ಪಕ್ಕದಿಂದ ನುಗ್ಗಿದ ಧೂಳನ್ನು ಮಾತ್ರ ಲೆನ್ಸಿನ ಒಳಬದಿಯಿಂದ ಕಣ್ಣಿಗೇ ತಳ್ಳುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಲೆನ್ಸಿನ ಬಣ್ಣವಲ್ಲ, ಕಣ್ಣಿನ ಸುತ್ತ ಎಷ್ಟು ಸಂದಿ ಉಳಿಯುತ್ತದೆ ಅನ್ನುವುದು.

ಮೈನಸ್ 4ರ ಒಳಗಿನ ಪವರ್ ಇದ್ದವರಿಗೆ ಎಲ್ಲಕ್ಕಿಂತ ಒಳ್ಳೆಯದು ಮುಖಕ್ಕೆ ಬಾಗಿ ಕೂರುವ ಫ್ರೇಮಿಗೆ ಪವರ್ ಲೆನ್ಸ್ ಹಾಕಿಸಿ, ಒಳಗಡೆ ತೆಗೆದು ಹಾಕಬಹುದಾದ ಫೋಮ್ ಅಂಚು ಇರುವ ಕನ್ನಡಕ. ಹಗುರ, ಪಕ್ಕದ ನೋಟ ಕಟ್ಟಾಗುವುದಿಲ್ಲ, ಆವಿಯೂ ಕಡಿಮೆ. ಆದರೆ ಇದನ್ನು ಮಾಡಿಸುವಾಗಲೇ ಎಡವಟ್ಟು ಜಾಸ್ತಿ. ಬಾಗಿದ ಫ್ರೇಮಿನಲ್ಲಿ ಲೆನ್ಸ್ ಕಣ್ಣಿಗೆ ಓರೆಯಾಗಿ ನಿಲ್ಲುತ್ತದೆ. ಮೈನಸ್ 4ರ ಲೆನ್ಸನ್ನು 20 ಡಿಗ್ರಿ ಓರೆ ಮಾಡಿದರೆ ಕಣ್ಣಿನ ಡಾಕ್ಟರ ಚೀಟಿಯಲ್ಲಿ ಇಲ್ಲದ ಸುಮಾರು ಅರ್ಧ ಪಾಯಿಂಟ್ (0.50) ಸಿಲಿಂಡರ್, ಅಂದರೆ ಒಂದೇ ದಿಕ್ಕಿಗೆ ಕೆಲಸ ಮಾಡುವ ಪವರ್, ತಾನಾಗಿ ಸೇರಿಕೊಳ್ಳುತ್ತದೆ. ಹಾಕಿದ ಕೂಡಲೇ ನೆಲ ವಾಲಿದಂತೆ, ತಲೆ ಸುತ್ತಿದಂತೆ ಆಗುವುದು ಇದರಿಂದಲೇ, "ಎರಡು ದಿನ ಹಾಕಿ, ಅಭ್ಯಾಸ ಆಗುತ್ತೆ" ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಫ್ರೇಮಿನ ಬಾಗು ಮತ್ತು ಓರೆಯನ್ನು ಅಳೆದು, ಅದಕ್ಕೆ ಸರಿದೂಗಿಸಿ ಲ್ಯಾಬಿನಲ್ಲಿ ಲೆನ್ಸ್ ಕಡೆಸುತ್ತೀರಾ ಅಂತ ಆರ್ಡರ್ ಕೊಡುವ ಮೊದಲೇ ಕೇಳಿ. ಇಲ್ಲ ಅಂದರೆ ಬೇರೆ ಅಂಗಡಿ ನೋಡಿ. ಪವರ್ ಹೆಚ್ಚಾದಂತೆ ಮೈನಸ್ ಲೆನ್ಸಿನ ಅಂಚು ದಪ್ಪವಾಗಿ ಫೋಮ್ ಕೂರಲು ಜಾಗವೇ ಉಳಿಯುವುದಿಲ್ಲ; ಆ ದಾರಿ ಅಲ್ಲಿಗೆ ಮುಗಿಯಿತು.

ಲೆನ್ಸಿನ ವಸ್ತುವಿನ ಬಗ್ಗೆ ಒಂದು ಮಾತು. ಜಲ್ಲಿ ಲಾರಿಯ ಹಿಂದೆ ಹೋಗುವವರಿಗೆ ಗಾಜು ಬೇಡವೇ ಬೇಡ, ಮಾಮೂಲಿ ಸಿಆರ್-39 ಪ್ಲಾಸ್ಟಿಕ್ ಕೂಡ ಬೇಡ. ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್ ಎಂಬ ಪೆಟ್ಟು ತಾಳುವ ಪ್ಲಾಸ್ಟಿಕ್ ಹಾಕಿಸಿ. ಪಾಲಿಕಾರ್ಬೊನೇಟ್ ಗಟ್ಟಿ, ಆದರೆ ಅದರ ಅಬ್ಬೆ ಸಂಖ್ಯೆ (ಇದು ಹೆಚ್ಚಿದ್ದಷ್ಟೂ ಲೆನ್ಸಿನಲ್ಲಿ ಬಣ್ಣ ಚೆದರುವುದು ಕಡಿಮೆ) ಬರೀ 30ರ ಆಸುಪಾಸು. ಜಾಸ್ತಿ ಪವರ್‌ನಲ್ಲಿ ಲೆನ್ಸಿನ ಅಂಚಿನಿಂದ ನೋಡಿದರೆ ಬಿಳಿ ಬೋರ್ಡಿನ ಸುತ್ತ ಬಣ್ಣದ ಗೆರೆ ಕಾಣುತ್ತದೆ. ಟ್ರೈವೆಕ್ಸ್‌ನಲ್ಲಿ ಅದು 43ರಿಂದ 45, ನೋಟ ಹೆಚ್ಚು ಶುಭ್ರ. ರೆಡಿಮೇಡ್ ಗಾಗಲ್ಸ್ ಆದರೆ ಲೆನ್ಸ್ ಅಥವಾ ಫ್ರೇಮಿನ ಮೇಲೆ ಪೆಟ್ಟು ತಾಳುವುದಕ್ಕೆ ಅಮೆರಿಕದ ಮಾನದಂಡವಾದ ಝಡ್87+ (Z87+) ಗುರುತನ್ನಾಗಲಿ, ಯುರೋಪಿನ ಇಎನ್ 166 (EN 166) ಜೊತೆಗೆ ಎಫ್ (F) ಅಕ್ಷರವನ್ನಾಗಲಿ ಹುಡುಕಿ. ಎಫ್ ಅಂದರೆ 6 ಮಿ.ಮೀ. ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದರೂ ತಡೆದಿದೆ ಎಂದು.

ಮೈನಸ್ 4 ದಾಟಿದವರಿಗೆ, ಸಿಲಿಂಡರ್ ಜಾಸ್ತಿ ಇದ್ದವರಿಗೆ, ಪ್ರೊಗ್ರೆಸಿವ್ (ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್) ಹಾಕುವವರಿಗೆ ನಮ್ಮ ಆಯ್ಕೆ ಕನ್ನಡಕದ ಮೇಲೇ ಹಾಕುವ ದೊಡ್ಡ ಗಾಗಲ್ಸ್. ಅಂಗಡಿಯಲ್ಲಿ ಓಟಿಜಿ ಅಂತ ಕೇಳಿದರೆ ಕೊಡುತ್ತಾರೆ. ನೋಡಲು ಚೆಂದ ಅಲ್ಲ, ಆದರೆ ನಿಮ್ಮ ಕಣ್ಣಿಗೆ ಒಗ್ಗಿದ ಪವರ್ ಹಾಗೆಯೇ ಇರುತ್ತದೆ. ಸೋಲುವುದು ಅಳತೆಯಲ್ಲಿ. ಕನ್ನಡಕದ ಕಡ್ಡಿಯ ಒಳಗೆ 52-18-140 ಎಂಬಂಥ ಅಂಕೆ ಇರುತ್ತದೆ: ಲೆನ್ಸಿನ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ, ಎಲ್ಲ ಮಿ.ಮೀ. ಲೆಕ್ಕ. ಇದರಲ್ಲಿ ಫ್ರೇಮಿನ ಪೂರ್ತಿ ಅಗಲ ಇರುವುದಿಲ್ಲ, ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಕೇಲ್ ಇಟ್ಟು ಅಳೆದುಕೊಂಡೇ ಹೋಗಬೇಕು. ಕಡ್ಡಿ ಹೊರಬರಲು ಗಾಗಲ್ಸಿನ ಫೋಮಿನಲ್ಲಿ ಎರಡೂ ಕಡೆ ಕಚ್ಚು ಇರಬೇಕು. ಇಲ್ಲದಿದ್ದರೆ ಕಡ್ಡಿ ಫೋಮನ್ನು ಎತ್ತಿಹಿಡಿಯುತ್ತದೆ, ಕಿವಿಯ ಕಡೆಯ ಸುಳಿಗಾಳಿ ಸರಿಯಾಗಿ ಆ ಸಂದಿಗೇ ನುಗ್ಗುತ್ತದೆ. ಪಟ್ಟಿಯನ್ನು ಬಿಗಿ ಎಳೆದರೆ ಕನ್ನಡಕ ಮೂಗಿಗೆ ಒತ್ತಿ ಅರ್ಧ ಗಂಟೆಯಲ್ಲಿ ನೋವು ಶುರು. ಲೋಹದ ತೆಳು ಕಡ್ಡಿಯ ಸಣ್ಣ ಫ್ರೇಮೊಂದನ್ನು ಜೀಪಿಗೇ ಅಂತ ಇಟ್ಟುಕೊಂಡರೆ ಈ ಮೂರೂ ತೊಂದರೆ ಬಹುಮಟ್ಟಿಗೆ ತಪ್ಪುತ್ತವೆ.

ಗಾಗಲ್ಸಿನ ಒಳಗೆ ಸಿಕ್ಕಿಸುವ ಪವರ್ ಇನ್ಸರ್ಟ್ ಕೇಳಲು ಚೆನ್ನಾಗಿದೆ, ಬಳಸಲು ಅಷ್ಟಿಲ್ಲ. ಲೆನ್ಸ್ ಸಣ್ಣದು, ಪಕ್ಕದ ಕನ್ನಡಿ ನೋಡಲು ಕತ್ತೇ ತಿರುಗಿಸಬೇಕು. ಅದು ಕಣ್ಣಿಗೆ ತೀರ ಹತ್ತಿರ ಕೂರುವುದರಿಂದ ರೆಪ್ಪೆ ತಾಗಿ ಎಣ್ಣೆ ಮೆತ್ತಿಕೊಳ್ಳುತ್ತದೆ. ಮೈನಸ್ 8 ಇದ್ದವರಿಗೆ ಲೆನ್ಸ್ 4 ಮಿ.ಮೀ. ಹತ್ತಿರ ಬಂದರೆ ಕಾಲು ಪಾಯಿಂಟ್ ಪವರ್ ಕಡಿಮೆ ಮಾಡಿಯೇ ಹಾಕಿಸಬೇಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತಾಪತ್ರಯ ಆವಿ. ಮಳೆಗಾಲದಲ್ಲಿ ಚಾರ್ಮಾಡಿ ಹತ್ತುವಾಗ ಲಾರಿಯ ಹಿಂದೆ ಸಿಕ್ಕಿ ನಿಂತರೆ ಗಾಳಿ ಆಡುವುದು ನಿಲ್ಲುತ್ತದೆ, ಮೊದಲು ಮಂಜಾಗುವುದು ಇನ್ಸರ್ಟೇ, ಮತ್ತು ಅದನ್ನು ಒರೆಸಲು ಗಾಗಲ್ಸ್ ಬಿಚ್ಚದೆ ಬೇರೆ ದಾರಿಯಿಲ್ಲ. ಓಟಿಜಿಯಲ್ಲೂ ಆವಿ ಕಟ್ಟುತ್ತದೆ, ಆದರೆ ಒಳಗೆ ಜಾಗ ಹೆಚ್ಚಿರುವುದರಿಂದ ನಿಧಾನವಾಗಿ. ನಿಂತ ಕೂಡಲೇ ಗಾಗಲ್ಸನ್ನು ಮುಖದಿಂದ ಒಂದು ಬೆರಳಷ್ಟು ಎಳೆದು ಹಿಡಿದರೆ ಸಾಕು.

ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಮೇಲೆ ಸಾದಾ ಗಾಗಲ್ಸ್ ಹಾಕುವುದು ನೋಟದ ಲೆಕ್ಕದಲ್ಲಿ ಮೊದಲ ಸ್ಥಾನ: ಅಂಚಿನವರೆಗೂ ಒಂದೇ ಸ್ಪಷ್ಟತೆ. ಆದರೆ ಫೋಮ್ ಸರಿಯಾಗಿ ಕೂತಿಲ್ಲದಿದ್ದರೆ ಇದರಷ್ಟು ಅಪಾಯದ್ದು ಬೇರೆ ಇಲ್ಲ. ಗಾಳಿಗೆ ಲೆನ್ಸ್ ಒಣಗುತ್ತದೆ, ಸಂಡೂರಿನ ಅದಿರು ಧೂಳಿನಂಥ ಸಣ್ಣ ಕಣ ಲೆನ್ಸಿನ ಅಡಿ ಸೇರಿದರೆ ಕಣ್ಣು ತೆರೆಯಲೂ ಆಗುವುದಿಲ್ಲ, ಅದೂ ಓಡುವ ಗಾಡಿಯಲ್ಲಿ. ಈ ದಾರಿ ಹಿಡಿಯುವವರು ದಿನಕ್ಕೊಂದು ಎಸೆಯುವ ಲೆನ್ಸನ್ನೇ ಬಳಸಿ, ಲೆನ್ಸಿಗೆ ಒಗ್ಗುವ ಕಣ್ಣಿನ ಹನಿ ಮತ್ತು ಹಳೆಯ ಕನ್ನಡಕ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿರಲಿ. ನಲ್ಲಿ ನೀರಲ್ಲಿ, ತೋಟದ ತೊರೆ ನೀರಲ್ಲಿ ಲೆನ್ಸ್ ತೊಳೆದು ಮತ್ತೆ ಹಾಕಬೇಡಿ. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹತ್ತಿದರೆ ದೃಷ್ಟಿಯೇ ಹೋಗಬಹುದು.

ಬಣ್ಣ: ಮರಗಳ ನೆರಳು-ಬಿಸಿಲು ಕ್ಷಣಕ್ಷಣಕ್ಕೂ ಬದಲಾಗುವ ತೋಟದ ರಸ್ತೆಗೆ 2ನೇ ವರ್ಗದ ಛಾಯೆ (18ರಿಂದ 43 ಶೇಕಡಾ ಬೆಳಕು ಬಿಡುವುದು) ಸರಿ, ಬಯಲುಸೀಮೆಯ ಹೆದ್ದಾರಿಗೆ 3ನೇ ವರ್ಗ. 4ನೇ ವರ್ಗ ಹಾಕಿ ಗಾಡಿ ಓಡಿಸಲೇಬಾರದು. ಬಿಸಿಲಿಗೆ ಕಪ್ಪಾಗುವ ಫೋಟೊಕ್ರೋಮಿಕ್ ಕಪ್ಪಾಗುವಷ್ಟು ಬೇಗ ತಿಳಿಯಾಗುವುದಿಲ್ಲ, ಹಲವು ನಿಮಿಷ ಬೇಕು. ಬಿಸಿಲಿನಿಂದ ಸೀದಾ ದಟ್ಟ ಕಾಡಿಗೆ ಇಳಿಯುವ ತಿರುವಿನಲ್ಲಿ ಅದನ್ನು ನಂಬುವಂತಿಲ್ಲ. ಪೋಲರೈಸ್ಡ್ ಲೆನ್ಸ್ ಒದ್ದೆ ರಸ್ತೆಯ ಹೊಳಪು ಕಡಿಮೆ ಮಾಡುತ್ತದೆ, ಜೊತೆಗೇ ರಸ್ತೆಗೆ ಚೆಲ್ಲಿದ ಡೀಸೆಲಿನ ಹೊಳಪನ್ನೂ ಅಡಗಿಸುತ್ತದೆ. ಘಾಟಿಯಲ್ಲಿ ಅದು ನಮಗೆ ಬೇಡವೆನಿಸಿದ್ದು ಇದಕ್ಕೆ. ಕತ್ತಲಾದ ಮೇಲೆ ಬಣ್ಣವಿಲ್ಲದ ಲೆನ್ಸ್ ಮಾತ್ರ. "ನೈಟ್ ಡ್ರೈವಿಂಗ್" ಅಂತ ಮಾರುವ ಹಳದಿ ಲೆನ್ಸೂ ಬೆಳಕನ್ನು ಕಡಿಮೆಯೇ ಮಾಡುತ್ತದೆ.

ಯಾವುದನ್ನೇ ತಂದರೂ ರಸ್ತೆಗಿಳಿಯುವ ಮೊದಲು ಅಂಗಳದಲ್ಲೇ ಪರೀಕ್ಷೆ ಮಾಡಿ. ಲೈಸೆನ್ಸಿನ ಫಾರ್ಮ್ 1ರಲ್ಲಿ ಕೇಳುವುದು ಇದನ್ನೇ: ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಒಂದೊಂದೇ ಕಣ್ಣಿನಿಂದ ಕಾಣುತ್ತದೆಯೇ ಅಂತ. ಗಾಗಲ್ಸ್ ಹಾಕಿಕೊಂಡೇ ಓದಿ, ಆಮೇಲೆ ಸೀಟಿನಲ್ಲಿ ಕೂತು ಎರಡೂ ಪಕ್ಕದ ಕನ್ನಡಿ, ಮೀಟರು ನೋಡಿ.

ವಾಪಸ್ ಬಂದ ಮೇಲೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ. ಧೂಳಿನಲ್ಲಿರುವ ಮರಳಿನ ಕಣ ಪಾಲಿಕಾರ್ಬೊನೇಟಿಗಿಂತ ಎಷ್ಟೋ ಗಟ್ಟಿ, ಒಂದೇ ಒರೆಸಿಗೆ ಗೀರು ಬೀಳುತ್ತದೆ. ಮೊದಲು ಹರಿಯುವ ನೀರಿಗೆ ಹಿಡಿದು ಮಣ್ಣು ಇಳಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರಳಲ್ಲಿ ಸವರಿ ತೊಳೆದು, ನೀರು ಕೊಡವಿ ನೆರಳಲ್ಲಿ ಒಣಗಿಸಿ. ಆವಿ ತಡೆಯುವ ಲೇಪ ಇರುವ ಒಳಬದಿಗೆ ಬೆರಳನ್ನೂ ತಾಗಿಸದೆ ಬರೀ ನೀರು ಹಾಯಿಸಿ. ಫೋಮನ್ನು ಬಿಚ್ಚಿ ಬೇರೆ ತೊಳೆಯಿರಿ, ಮುಂದಿನ ಸಲ ಕಣ್ಣಿಗೆ ಉದುರುವ ಧೂಳು ಕೂತಿರುವುದು ಅದರಲ್ಲೇ.