ಸಿಯೆನಾನೋ ಲುಕ್ಕಾನೋ? ಫ್ಲಾರೆನ್ಸ್‌ನಿಂದ ಗೆಳೆಯರ ಜೊತೆ ಒಂದು ದಿನಕ್ಕೆ

ಇಟಲಿಯ ಫ್ಲಾರೆನ್ಸ್‌ನಲ್ಲಿ ಮೂರ್ನಾಲ್ಕು ದಿನ ಓಡಾಡಿದ ಮೇಲೆ ಎಂಥವರಿಗೂ ಮ್ಯೂಸಿಯಂ ಸಾಕಾಗುತ್ತದೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವ ಹಾಗೆ ಒಂದು ಹಳೇ ಊರು ನೋಡೋಣ ಅನ್ನಿಸುತ್ತದೆ. ಅಲ್ಲಿಂದ ಶುರು ಚರ್ಚೆ. ಪೀಸಾ ಅಂದರೆ ವಾಲಿದ ಗೋಪುರದ ಮುಂದೆ ಒಂದು ಫೋಟೊ, ಆಮೇಲೆ ಏನು ಮಾಡೋದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಸಾನ್ ಜಿಮಿನ್ಯಾನೊ ಚೆಂದವೇ, ಆದರೆ ಅಲ್ಲಿಗೆ ರೈಲಿಲ್ಲ. ಸಾಮಾನ್ಯವಾಗಿ ಪೊಜ್ಜಿಬೊನ್ಸಿಯಲ್ಲಿ ಇಳಿದು ಬಸ್ಸು ಬದಲಿಸಬೇಕು. ಕೊನೆಗೆ ಉಳಿಯುವುದು ಸಿಯೆನಾ ಮತ್ತು ಲುಕ್ಕಾ.

ನಮ್ಮ ಗುಂಪು ಎರಡೂ ಕಡೆ ಹೋಗಿ ಬಂದಿದೆ. ಜನ ಅವರೇ. ಒಬ್ಬನಿಗೆ ಎಲ್ಲ ಗೋಪುರವನ್ನೂ ಹತ್ತಲೇಬೇಕು. ಒಬ್ಬಳಿಗೆ ಮೊಣಕಾಲು ನೋವು. ಒಬ್ಬಳು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಇನ್ನೊಬ್ಬ ಪ್ರತಿ ತಿರುವಿನಲ್ಲೂ ನಿಂತು ಫೋಟೊ ತೆಗೆಯುವವನು. ನಾನು ಟೈಮ್ ನೋಡುವವನು. ಇಂಥ ಗುಂಪು ನಿಮ್ಮದೂ ಆಗಿದ್ದರೆ ಮುಂದೆ ಓದಿ. ಒಬ್ಬರೇ ಹೋಗುವವರ ಲೆಕ್ಕ ಬೇರೆ, ಅದನ್ನೂ ಹೇಳುತ್ತೇನೆ.

ಮೊದಲು ಹೋಗುವ ದಾರಿ. ಲುಕ್ಕಾಗೆ ಸಾಂತಾ ಮರೀಯಾ ನೊವೆಲ್ಲಾ ನಿಲ್ದಾಣದಿಂದ ನೇರ ರೈಲಿದೆ. ಪ್ರಾತೊ, ಪಿಸ್ತೊಯಾ, ಮೊಂತೆಕತೀನಿ ದಾಟಿ ಸುಮಾರು ಒಂದೂಕಾಲು, ಒಂದೂವರೆ ಗಂಟೆ. ಇಳಿದು ಹೊರಗೆ ಬಂದರೆ ಎದುರಿಗೇ ಕೋಟೆ ಗೋಡೆ. ಹುಲ್ಲಿನ ನಡುವಿನ ಕಾಲುದಾರಿ ಹಿಡಿದು ಗೋಡೆಯ ಹೊಟ್ಟೆಯೊಳಗೆ ಹೊಕ್ಕರೆ ಊರೊಳಗೆ ಬಂದಿರುತ್ತೀರಿ. ದಾರಿ ಕೇಳುವ ಅಗತ್ಯವೇ ಇಲ್ಲ.

ಸಿಯೆನಾಗೂ ರೈಲಿದೆ, ಆದರೆ ನಿಲ್ದಾಣ ಬೆಟ್ಟದ ಬುಡದಲ್ಲಿದೆ. ಎದುರಿನ ಶಾಪಿಂಗ್ ಮಾಲ್ ಹೊಕ್ಕು ಒಂದರ ಮೇಲೊಂದು ಎಸ್ಕಲೇಟರ್ ಹತ್ತುತ್ತಾ ಹೋಗಬೇಕು. ಅದಾದ ಮೇಲೂ ಊರ ನಡುವಿನ ಚೌಕದವರೆಗೆ ನಡಿಗೆ ಬಾಕಿ. ಅದಕ್ಕೆ ಸಿಯೆನಾ ಮಟ್ಟಿಗೆ ಬಸ್ಸೇ ವಾಸಿ. ಫ್ಲಾರೆನ್ಸ್ ರೈಲು ನಿಲ್ದಾಣದ ಪಕ್ಕದ ಬಸ್ ಸ್ಟ್ಯಾಂಡಿನಿಂದ 131ಆರ್ ಹೊರಡುತ್ತದೆ. ಆ ಆರ್ ಅಂದರೆ ರಾಪಿದಾ, ನಮ್ಮ ಎಕ್ಸ್‌ಪ್ರೆಸ್ ಬಸ್ಸು. ಒಂದೂಕಾಲು ಗಂಟೆಯಲ್ಲಿ ಮೇಲೆಯೇ, ಊರಿನ ಹತ್ತಿರವೇ ಇಳಿಸುತ್ತದೆ. ಅದೇ ನಂಬರಿನ ಸಾದಾ ಬಸ್ಸು ಹತ್ತಿದರೆ ಹಳ್ಳಿ ಹಳ್ಳಿ ಸುತ್ತಿಸುತ್ತದೆ. ಖರ್ಚು ಎರಡೂ ಊರಿಗೆ ಹೆಚ್ಚುಕಮ್ಮಿ ಒಂದೇ, ಒಂದು ಕಡೆಗೆ ಹತ್ತು ಯೂರೊ ಆಸುಪಾಸು. ಮುಂಗಡ ಬುಕಿಂಗ್ ಬೇಕಿಲ್ಲ. ಕಾಗದದ ರೈಲು ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್‌ನ ಮೆಷಿನ್ನಿಗೆ ತುರುಕಿ ಮುದ್ರೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ದಂಡ. ಕಾರು ಬಾಡಿಗೆಗೆ ತಗೊಳ್ಳೋಣ ಅನ್ನುವವರು ಗುಂಪಿನಲ್ಲಿದ್ದರೆ ಸುಮ್ನೆ ತಡೆಯಿರಿ. ಎರಡೂ ಊರಿನ ಒಳಭಾಗಕ್ಕೆ ಹೊರಗಿನ ಕಾರು ಬಿಡುವುದಿಲ್ಲ. ಕ್ಯಾಮೆರಾ ಹಿಡಿದ ದಂಡದ ಚೀಟಿ ತಿಂಗಳುಗಟ್ಟಲೆ ಬಿಟ್ಟು ಮನೆಗೇ ಬರುತ್ತದೆ.

ಈಗ ಸಿಯೆನಾ. ಮೊದಲೇ ಹೇಳಿಬಿಡುತ್ತೇನೆ, ಊರು ಅಂತ ನೋಡಿದರೆ ಸಿಯೆನಾ ದೊಡ್ಡದು, ಗಂಭೀರವಾದದ್ದು. ಬಿಸಿಲೇ ಬೀಳದ ಕಿರಿದಾದ ಓಣಿಗಳಲ್ಲಿ ನಡೆಯುತ್ತಾ ಇರುತ್ತೀರಿ, ಒಂದು ಕಮಾನು ದಾಟಿದ ಕೂಡಲೇ ಪಿಯಾಝಾ ದೆಲ್ ಕಾಂಪೊ ಎದುರಾಗುತ್ತದೆ. ಬೀಸಣಿಗೆ ಆಕಾರದ ಚೌಕ, ಸಮತಟ್ಟಲ್ಲ, ಇಳಿಜಾರು. ಕೆಂಪು ಇಟ್ಟಿಗೆಯ ನೆಲವನ್ನು ಬಿಳಿ ಕಲ್ಲಿನ ಪಟ್ಟಿಗಳು ಒಂಬತ್ತು ಭಾಗ ಮಾಡಿವೆ. 1287ರಿಂದ 1355ರವರೆಗೆ ಊರನ್ನು ಆಳಿದ ಒಂಬತ್ತು ಜನರ ಸಭೆಯ ಗುರುತು ಅದು. ಆ ಇಳಿಜಾರಿನಲ್ಲಿ ಎಲ್ಲರೂ ಹಾಗೇ ಕೂತುಬಿಡುತ್ತಾರೆ. ನಾವೂ ಕೂತೆವು. ಚೌಕದ ಅಂಚಿನ ಕುರ್ಚಿಗಳಿಗಿಂತ ಈ ಇಟ್ಟಿಗೆ ನೆಲವೇ ಮೇಲು, ದುಡ್ಡೂ ಇಲ್ಲ. ಕುರ್ಚಿಯ ಮೇಲೆ ಕೂತು ಕುಡಿದ ಕಾಫಿಯ ಬಿಲ್ಲು ನೋಡಿ ನಮ್ಮ ಫೋಟೊ ಗೆಳೆಯ ಅದಕ್ಕೂ ಒಂದು ಫೋಟೊ ತೆಗೆದ.

ಇದೇ ಚೌಕದ ಸುತ್ತ ಪ್ರತಿ ವರ್ಷ ಜುಲೈ 2 ಮತ್ತು ಆಗಸ್ಟ್ 16ಕ್ಕೆ ಪಾಲಿಯೊ ಕುದುರೆ ಓಟ. ಊರಿನ 17 ಕೇರಿಗಳಲ್ಲಿ ಒಂದು ಓಟಕ್ಕೆ ಹತ್ತು ಕೇರಿಗಳ ಕುದುರೆ. ಜೀನಿಲ್ಲ, ಮೂರು ಸುತ್ತು, ಒಂದೂವರೆ ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಸವಾರ ಬಿದ್ದರೂ ಕುದುರೆ ಮೊದಲು ಬಂದರೆ ಗೆಲುವು ಗೆಲುವೇ! ಓಟದ ದಿನ ಅಲ್ಲದಿದ್ದರೂ ಈ ಕೇರಿಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಓಣಿಯ ಮೂಲೆಯಲ್ಲಿ, ತಲೆಗಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿದ ಚಿಕ್ಕ ಗುರುತು. ಒಂದು ಕಡೆ ಬಸವನಹುಳು, ಇನ್ನೊಂದು ಕಡೆ ಆಮೆ, ಹೆಬ್ಬಾತು, ಗೂಬೆ, ಮುಳ್ಳುಹಂದಿ, ಕಂಬಳಿಹುಳು. ಯಾರು ಜಾಸ್ತಿ ಪ್ರಾಣಿ ಹುಡುಕುತ್ತಾರೆ ಅಂತ ಪಂದ್ಯ ಕಟ್ಟಿ ಇಡೀ ಮಧ್ಯಾಹ್ನ ತಿರುಗಿದೆವು. ಸಿಯೆನಾದಲ್ಲಿ ಗುಂಪು ಒಟ್ಟಿಗೆ ಮಾಡಿದ ಒಳ್ಳೇ ಕೆಲಸ ಅಂದರೆ ಇದೊಂದೇ.

ಯಾಕಂದರೆ ಉಳಿದದ್ದೆಲ್ಲ ಗುಂಪನ್ನು ಒಡೆಯುತ್ತದೆ. ಚೌಕದ ಮಾಂಜಾ ಗೋಪುರಕ್ಕೆ ಸುಮಾರು 400 ಮೆಟ್ಟಿಲು, ಒಂದು ಸಲಕ್ಕೆ ಇಷ್ಟೇ ಜನ ಅಂತ ಮಿತಿ. ಗೋಪುರದವನು ಅತ್ತ ಹೋದ. ಮೊಣಕಾಲಿನವಳು ಕೆಳಗೇ ಉಳಿದಳು. ನಾನು ಪಕ್ಕದ ಅರಮನೆಯೊಳಗೆ ಅಂಬ್ರೋಜೊ ಲೊರೆನ್ಝೆತ್ತಿ 1338-39ರಲ್ಲಿ ಬರೆದ ಗೋಡೆ ಚಿತ್ರ ನೋಡಲು ಹೋದೆ. ಒಳ್ಳೆಯ ಆಡಳಿತ ಇದ್ದರೆ ಊರು ಹೇಗಿರುತ್ತದೆ, ಕೆಟ್ಟದ್ದಿದ್ದರೆ ಹೇಗಾಗುತ್ತದೆ ಅಂತ ಆ ಒಂಬತ್ತು ಜನ ಕೂರುವ ಕೋಣೆಯ ಗೋಡೆಗೇ ಬರೆಸಿದ್ದಾರೆ. ಅಂಗಡಿ, ಕುಣಿಯುವವರು, ಮನೆ ಕಟ್ಟುವ ಗಾರೆಯವರು, ಊರಾಚೆ ಹೊಲ. ಆ ಕೋಣೆಯಲ್ಲಿ ಒಂದು ಗಂಟೆ ಸಾಲದು. ಆದರೆ ಹೊರಗೆ ನಾಲ್ಕು ಜನ ಕಾಯುತ್ತಿದ್ದಾರೆ ಅಂತ ಗೊತ್ತಿದ್ದಾಗ ಕಾಲು ಗಂಟೆಯೇ ಜಾಸ್ತಿ ಅನ್ನಿಸುತ್ತದೆ.

ಕಪ್ಪು ಬಿಳಿ ಅಮೃತಶಿಲೆಯ ಪಟ್ಟೆಗಳ ದೊಡ್ಡ ಚರ್ಚಿನದ್ದೂ ಇದೇ ಕಥೆ. 1339ರಲ್ಲಿ ಅದನ್ನು ಇನ್ನೂ ಭಾರಿ ಮಾಡಲು ಹೊರಟಿದ್ದರು. 1348ರ ಪ್ಲೇಗ್‌ನಲ್ಲಿ ಊರಿನ ಜನವೇ ಸತ್ತು ಕೆಲಸ ನಿಂತಿತು. ಅರ್ಧಕ್ಕೆ ನಿಂತ ಆ ಗೋಡೆ ಇಂದಿಗೂ ಪಕ್ಕದಲ್ಲಿ ಒಂಟಿಯಾಗಿ ನಿಂತಿದೆ. ಅದರ ಮೇಲೆ ಹತ್ತಿ ಊರು ನೋಡಬಹುದು, ಅಲ್ಲೂ ಸಾಲು. ಚರ್ಚಿನ ಒಳಗೆ ಅಮೃತಶಿಲೆಯಲ್ಲೇ ಚಿತ್ರ ಬಿಡಿಸಿದ ನೆಲವನ್ನು ವರ್ಷದಲ್ಲಿ ಕೆಲವು ವಾರ ಮಾತ್ರ ಪೂರ್ತಿ ತೆರೆದಿಡುತ್ತಾರೆ. ಸಾಮಾನ್ಯವಾಗಿ ಬೇಸಿಗೆಯ ಕೊನೆಯಿಂದ ಅಕ್ಟೋಬರ್‌ವರೆಗೆ. ಉಳಿದ ಕಾಲದಲ್ಲಿ ಹೆಚ್ಚಿನ ಭಾಗಕ್ಕೆ ಹೊದಿಕೆ.

ಲುಕ್ಕಾದಲ್ಲಿ ಇಂಥ ದೊಡ್ಡ ಸರಕು ಕಮ್ಮಿ. ಇರುವುದು ಗೋಡೆ. ಊರಿನ ಸುತ್ತ 4.2 ಕಿಲೋಮೀಟರ್, ಕಟ್ಟಲು ಹಿಡಿದದ್ದು 16ನೇ ಶತಮಾನದಿಂದ 17ರ ನಡುವಿನವರೆಗೆ. ಇಷ್ಟು ಕಷ್ಟಪಟ್ಟು ಕಟ್ಟಿದ ಮೇಲೆ ಒಬ್ಬ ಶತ್ರುವೂ ಮುತ್ತಿಗೆ ಹಾಕಲಿಲ್ಲ. ಅದು ನಿಜವಾಗಿ ಊರು ಕಾಪಾಡಿದ್ದು 1812ರಲ್ಲಿ, ಸೆರ್ಕಿಯೊ ನದಿ ಉಕ್ಕಿದಾಗ. ಬಾಗಿಲು ಮುಚ್ಚಿ ನೀರು ತಡೆದರು. ಆಗ ಊರು ಆಳುತ್ತಿದ್ದ ನೆಪೋಲಿಯನ್ನನ ತಂಗಿ ಎಲೀಸಾಳನ್ನು ಕ್ರೇನಿನಿಂದ ಗೋಡೆ ಮೇಲಿಂದ ಎತ್ತಿ ಒಳಗಿಳಿಸಿದರು ಅಂತ ಊರವರು ಹೇಳುವ ಕಥೆಯೂ ಇದೆ.

ಈಗ ಆ ಗೋಡೆಯ ನೆತ್ತಿಯೇ ಅಗಲವಾದ ರಸ್ತೆ. ಎರಡೂ ಕಡೆ ಸಾಲುಮರ. ಕಾರಿಲ್ಲ, ಮೆಟ್ಟಿಲಿಲ್ಲ, ಏರಿಲ್ಲ. ಬಾಗಿಲುಗಳ ಹತ್ತಿರ ಸೈಕಲ್ ಬಾಡಿಗೆ ಅಂಗಡಿಗಳಿವೆ. ನಾವು ತಗೊಂಡದ್ದು ಚಾವಣಿ ಇರುವ ನಾಲ್ಕು ಚಕ್ರದ ಪೆಡಲ್ ಗಾಡಿ. ಇಟಲಿಯವರು ಅದಕ್ಕೆ ರಿಕ್ಷಾ ಅಂತಲೇ ಹೇಳುತ್ತಾರೆ. ಮೊಣಕಾಲಿನವಳು ಮುಂದೆ ಕೂತು ಹಾರ್ನ್ ಒತ್ತುವ ಕೆಲಸ ವಹಿಸಿಕೊಂಡಳು. ಹಿಂದಿನವರು ತುಳಿದೆವು, ಒಬ್ಬ ತುಳಿದ ಹಾಗೆ ನಟಿಸುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಒಂದು ಕಡೆ ಊರಿನವರ ಹಿತ್ತಲು, ಒಣಹಾಕಿದ ಬಟ್ಟೆ, ಚರ್ಚಿನ ಗೋಪುರ. ಇನ್ನೊಂದು ಕಡೆ ಹುಲ್ಲು, ಆಚೆಗೆ ಬೆಟ್ಟ. ನಿಧಾನಕ್ಕೆ ಒಂದು ಸುತ್ತು ಹಾಕುವುದರೊಳಗೆ ಎಷ್ಟೋ ವರ್ಷದಿಂದ ಬಾಕಿ ಇದ್ದ ಮಾತೆಲ್ಲ ಆಡಿ ಮುಗಿಸಿದೆವು. ಗೆಳೆಯರ ಜೊತೆ ಹೋಗುವುದು ಇದಕ್ಕೇ ಅಲ್ವಾ?

ಗೋಪುರ ಬೇಕೇ ಬೇಕು ಅನ್ನುವವನಿಗೆ ಗ್ವಿನೀಜಿ ಗೋಪುರ ಇತ್ತು. 45 ಮೀಟರ್ ಎತ್ತರ, 230 ಚಿಲ್ಲರೆ ಮೆಟ್ಟಿಲು, ನೆತ್ತಿಯ ಮೇಲೆ ಏಳು ಓಕ್ ಮರಗಳು. ನಿಜವಾದ ಮರಗಳು, ನೆರಳೂ ಕೊಡುತ್ತವೆ. ರೋಮನ್ನರ ಕಾಲದ ಬಯಲು ರಂಗದ ಅವಶೇಷಕ್ಕೇ ಅಂಟಿಸಿ ಮನೆ ಕಟ್ಟಿದ್ದರಿಂದ ಆನ್ಫಿತೆಯಾತ್ರೊ ಚೌಕ ಈಗಲೂ ಮೊಟ್ಟೆಯಾಕಾರದಲ್ಲೇ ಇದೆ. ಫೋಟೊದವನಿಗೆ ಅಲ್ಲಿ ಹಬ್ಬ. ಸಂಗೀತದ ಹುಚ್ಚಿದ್ದರೆ ಒಪೆರಾ ಸಂಗೀತಗಾರ ಪುಚ್ಚೀನಿ 1858ರಲ್ಲಿ ಹುಟ್ಟಿದ ಮನೆಯೂ ಇದೇ ಊರಲ್ಲಿದೆ. ನಾವು ಹೋಗಲಿಲ್ಲ.

ಎರಡು ಊರನ್ನೂ ನೇರವಾಗಿ ತಕ್ಕಡಿಗೆ ಹಾಕಲು ಒಬ್ಬ ಶಿಲ್ಪಿ ಸಿಗುತ್ತಾನೆ, ಸಿಯೆನಾದ ಯಾಕೊಪೊ ದೆಲ್ಲಾ ಕ್ವೆರ್ಚಾ. ತನ್ನ ಊರಿನ ಚೌಕದಲ್ಲಿ ಫೊಂತೆ ಗಾಯಾ ಎಂಬ ಕಾರಂಜಿ ಕೆತ್ತಿದವನು ಇವನೇ, 1419ರಲ್ಲಿ ಮುಗಿಸಿದ. ಆದರೆ ಈಗ ಚೌಕದಲ್ಲಿರುವುದು 19ನೇ ಶತಮಾನದ ನಕಲು. ಅಸಲಿ ಕಲ್ಲುಗಳನ್ನು ನೋಡಲು ಸಾಂತಾ ಮರೀಯಾ ದೆಲ್ಲಾ ಸ್ಕಾಲಾ ಮ್ಯೂಸಿಯಂಗೆ ಹೋಗಬೇಕು. ಲುಕ್ಕಾದ ಸಾನ್ ಮಾರ್ತೀನೊ ಚರ್ಚಿನಲ್ಲಿ ಇವನದೇ ಕೈಯ ಇಲಾರಿಯಾ ಸಮಾಧಿ ಇದೆ, ಅಸಲಿ. ಊರಿನ ಒಡೆಯ ಪಾವೊಲೊ ಗ್ವಿನೀಜಿಯ ಹೆಂಡತಿ, 1405ರಲ್ಲಿ ಹೆರಿಗೆಯಾದ ಮೇಲೆ ತೀರಿಕೊಂಡವಳು. ಮಲಗಿದ ಹಾಗೇ ಕೆತ್ತಿದ್ದಾನೆ. ಎತ್ತರದ ಕಾಲರ್, ದಪ್ಪ ದಿಂಬು, ಪಾದದ ಹತ್ತಿರ ಒಂದು ಪುಟ್ಟ ನಾಯಿ. ನಾಯಿ ಮುಖ ಎತ್ತಿ ಅವಳನ್ನೇ ನೋಡುತ್ತಿದೆ. ಈ ಒಂದು ವಿಷಯದಲ್ಲಿ ಲುಕ್ಕಾಗೇ ನನ್ನ ಓಟು.

ಊಟದಲ್ಲಿ ಸಸ್ಯಾಹಾರಿಗಳಿಗೆ ಸಿಯೆನಾ ಮೇಲು. ಅಲ್ಲಿನ ಪೀಚಿ ಅಂದರೆ ಕೈಯಲ್ಲಿ ಹೊಸೆದ ದಪ್ಪ ಶಾವಿಗೆ. ಹಿಟ್ಟು, ನೀರು ಅಷ್ಟೇ, ಸಾಂಪ್ರದಾಯಿಕವಾಗಿ ಮೊಟ್ಟೆ ಹಾಕುವುದಿಲ್ಲ. ಬೆಳ್ಳುಳ್ಳಿ, ಟೊಮೇಟೊ ಸಾರಿನಲ್ಲಿ ಅದನ್ನು ತಿಂದ ನಮ್ಮ ಗೆಳತಿ ಇನ್ನೊಂದು ತಟ್ಟೆ ಹೇಳಿದಳು. ಲುಕ್ಕಾದ ಹೆಸರಾಂತ ತೊರ್ದೆಲ್ಲಿ ಪಾಸ್ತಾದ ಒಳಗೂ ಮಾಂಸ, ಮೇಲೂ ಮಾಂಸ. ಅವಳಿಗೆ ಅಲ್ಲಿ ಸಿಕ್ಕಿದ್ದು ಚೆಚೀನಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ದೊಡ್ಡ ತಟ್ಟೆಯಲ್ಲಿ ಹೊಯ್ದು ಒಲೆಯಲ್ಲಿ ಬೇಯಿಸುತ್ತಾರೆ. ಅಂಚು ಗರಿಗರಿ, ಒಳಗೆ ಮೆತ್ತಗೆ. ಪೆಪ್ಪರ್ ಉದುರಿಸಿ ಬಿಸಿಬಿಸಿ ತಿಂದರೆ ಪರವಾಗಿಲ್ಲ ಅನ್ನಬಹುದು, ಆದರೆ ಊಟ ಅನ್ನಲಾಗದು. ಸಿಹಿಯಲ್ಲೂ ಸಿಯೆನಾವೇ: ಬಾದಾಮಿಯ ರಿಚ್ಚಾರೆಲ್ಲಿ ಬಾಯಲ್ಲಿ ಕರಗುತ್ತದೆ (ಅದರಲ್ಲಿ ಮೊಟ್ಟೆಯ ಬಿಳಿ ಇರುತ್ತದೆ, ಗಮನ ಇರಲಿ). ಲುಕ್ಕಾದ ಬುಚ್ಚೆಲ್ಲಾತೊ ಒಣದ್ರಾಕ್ಷಿ, ಸೋಂಪಿನ ಬ್ರೆಡ್ಡು, ಕಾಫಿ ಇಲ್ಲದೆ ಗಂಟಲಲ್ಲಿ ಇಳಿಯದು. ಎರಡೂ ಊರಲ್ಲಿ ಮಧ್ಯಾಹ್ನ ಎರಡೂವರೆ ಹೊತ್ತಿಗೆ ಅಡುಗೆಮನೆ ಮುಚ್ಚುವುದು ಸಾಮಾನ್ಯ. ನಿಧಾನದ ಗುಂಪಾದರೆ ಒಂದು ಗಂಟೆಗೇ ಕೂತುಬಿಡಿ.

ನನ್ನ ತೀರ್ಪಿಗೆ ಮುಖ್ಯ ಕಾರಣ ಸಂಜೆ. ಟೂರ್ ಬಸ್ಸುಗಳು ಹೋದ ಮೇಲೆ ಸಿಯೆನಾದ ಚೌಕ ಊರವರಿಗೆ ವಾಪಸ್ ಸಿಗುತ್ತದೆ. ಮಕ್ಕಳು ಚೆಂಡು ತರುತ್ತಾರೆ, ಇಟ್ಟಿಗೆಯ ಬಣ್ಣವೇ ಬದಲಾಗುತ್ತದೆ. ದಿನಕ್ಕೆ ಬಂದವರು ಸರಿಯಾಗಿ ಆ ಹೊತ್ತಿಗೆ ಎದ್ದು ಬಸ್ಸಿಗೆ ಓಡಬೇಕು. ರಾತ್ರಿಯಾದಂತೆ ಬಸ್ಸೂ ಕಮ್ಮಿ, ಭಾನುವಾರ ಇನ್ನೂ ಕಮ್ಮಿ. ಊರಿನ ಒಳ್ಳೇ ಹೊತ್ತು ನಮಗೆ ಸಿಗುವುದೇ ಇಲ್ಲ. ಲುಕ್ಕಾದಲ್ಲಿ ಗೋಡೆ ಮೇಲೆ ಸಂಜೆ ವಾಕಿಂಗ್ ಬಂದವರ ನಡುವೆ ಕೂತಿದ್ದು, ರೈಲಿಗೆ ಇಪ್ಪತ್ತು ನಿಮಿಷ ಇರುವಾಗ ಎದ್ದರೂ ಆರಾಮಾಗಿ ನಡೆದೇ ತಲುಪಬಹುದು.

ಹಾಗಾಗಿ ಗೆಳೆಯರ ಗುಂಪಿಗೆ, ಒಂದೇ ದಿನಕ್ಕೆ, ಲುಕ್ಕಾ. ಚುರುಕಿನ ಗುಂಪಾದರೆ ಬೆಳಿಗ್ಗೆ ಪೀಸಾದಲ್ಲಿ ಆ ಒಂದು ಫೋಟೊ ಮುಗಿಸಿಯೂ ಬರಬಹುದು, ರೈಲಿನಲ್ಲಿ ಅರ್ಧ ಗಂಟೆ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ದಿನಗಳಲ್ಲಿ ಮಾತ್ರ ಬೇಡ. ಆಗ ಕಾಮಿಕ್ಸ್ ಜಾತ್ರೆ ನಡೆಯುತ್ತದೆ, ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಬ್ಬರೇ ಹೋಗುವುದಾದರೆ, ಇಲ್ಲವೇ ಚಿತ್ರದ ಮುಂದೆ ಅರ್ಧ ದಿನ ನಿಲ್ಲುವ ಇಬ್ಬರಾದರೆ, ಎರಡು ಮಾತಿಲ್ಲದೆ ಸಿಯೆನಾ, ಆದರೆ ಒಂದು ರಾತ್ರಿ ಅಲ್ಲೇ ರೂಮು ಮಾಡಿ. ಗುಂಪು ಹಟ ಹಿಡಿದು ಸಿಯೆನಾಗೇ ಹೊರಟರೆ ಬೆಳಗಿನ ಮೊದಲ ಬಸ್ಸಿಗೆ ಹೋಗಿ. ಇಳಿದ ಕೂಡಲೇ ಯಾರು ಎಲ್ಲಿಗೆ ಅಂತ ಹಂಚಿಕೊಂಡು, ಒಂದು ಗಂಟೆಗೆ ಫೊಂತೆ ಗಾಯಾ ಮುಂದೆ ಸೇರುವುದು ಅಂತ ಮಾತಾಡಿಕೊಳ್ಳಿ.